ಪೊಟ್ಟಣದ ಮೇಲಿನ ಸಾಹಿತ್ಯ

ಕಳೆದ ಮಾಗಿಯಲ್ಲಿ ನಾಲ್ಕು ದಿನದ ರಜೆಗೆಂದು ಹೊಸಬಾಳೆಗೆ, ಅಕ್ಕನ ಮನೆಗೆ, ಹೋಗಿದ್ದೆ. ಸೊರಬದ ಕಡೆಯ ತೋಟದ ಮನೆಗಳಿಗೆ ಆ ಕಾಲದಲ್ಲಿ ಹೋದವನಿಗೆ ಮಾತಿಗೆ ಯಾರೂ ಸಿಕ್ಕುವುದಿಲ್ಲ. ಅಂಗಳದಲ್ಲಿ ಅಡಿಕೆ, ಅಟ್ಟದ ಮೇಲೆ ಅಡಿಕೆ, ಹಂಡೆಯಲ್ಲಿ ಬೇಯುವ ಅಡಿಕೆ; ರಾತ್ರಿ ಹನ್ನೊಂದಾದರೂ ಮೆಟ್ಟುಗತ್ತಿಯ ಮುಂದೆ ಕುಳಿತವರು ಏಳುವುದಿಲ್ಲ. ಇಂತಹ ಗಡಿಬಿಡಿಯ ನಡುವೆ ಅಕ್ಕನ ಮಗ ಜಗಲಿಗೆ ಬಂದು, ನನ್ನ ಮುಂದೆ ಮೂರು ಕಾಫಿಪುಡಿಯ ಪೊಟ್ಟಣಗಳನ್ನಿಟ್ಟು, "ಮಾವ, ಇವನ್ನು ಓದಿ ನೋಡಿ" ಎಂದ. ಕುಡಿದು ನೋಡಿ ಎನ್ನಲಿಲ್ಲ, ಓದಿ ನೋಡಿ ಎಂದ. ಓದಲು ಕೊಟ್ಟದ್ದನ್ನು ಬೇಡವೆನ್ನುವ ಅಭ್ಯಾಸ ಮೇಷ್ಟರಿಗೆ ಇರುವುದಿಲ್ಲ. ಕನ್ನಡಕ ಹಾಕಿಕೊಂಡು ಓದಿದೆ.

ಹುಡುಗನಿಗೆ ಇದರಲ್ಲಿ ಒಂದು ಉದ್ದೇಶವಿತ್ತು. ಕೊಳೆರೋಗ, ಎಲೆಚುಕ್ಕಿ ರೋಗ, ಏರಿದಷ್ಟೇ ಬೇಗ ಇಳಿಯುವ ಧಾರಣೆ, ಇವುಗಳ ನಡುವೆ ಅಡಿಕೆಯೊಂದನ್ನೇ ನಂಬಿ ಕುಳಿತರಾಗದು ಎಂದು ಅವನು ಕೆಲವು ವರ್ಷದ ಹಿಂದೆ ಮರಗಳ ಸಾಲಿನ ನಡುವೆ ರೊಬಸ್ಟಾ ಕಾಫಿಯ ಗಿಡ ಇಟ್ಟಿದ್ದ. ಈಗ ಫಸಲು ಬರುತ್ತಿದೆ. ಕೆಂಪಾದ ಹಣ್ಣನ್ನಷ್ಟೇ ಆರಿಸಿ ಕುಯ್ಯಿಸಿ, ನೆಲಕ್ಕೆ ತಾಗದಂತೆ ಬಲೆಯ ಮಂಚದ ಮೇಲೆ ಒಣಗಿಸಿ, ತನ್ನದೇ ಪೊಟ್ಟಣದಲ್ಲಿ ಬೆಂಗಳೂರಿಗೆ ಮಾರಬೇಕೆಂದು ಅವನ ಹಂಚಿಕೆ. ಇಂತಹದಕ್ಕೆ ಈಗ 'ಸ್ಪೆಷಾಲಿಟಿ ಕಾಫಿ' ಎಂಬ ಹೆಸರಿದೆ. "ಪೊಟ್ಟಣದ ಮೇಲೆ ನಾಲ್ಕು ಸಾಲು ಬೇಕು. ನೀವು ಕನ್ನಡ ಎಂ.ಎ. ಅಲ್ಲವೆ?" ಎಂದ. ಎಂ.ಎ. ಮಾಡಿದ್ದಕ್ಕೆ ಊರಿನಲ್ಲಿ ಮೊದಲ ಬಾರಿಗೆ ಒಂದು ಉಪಯೋಗ ಕಂಡಿತು.

ಪೊಟ್ಟಣಗಳು ಮೂರೂ ಚಿಕ್ಕಮಗಳೂರು ಸೀಮೆಯವು, ಮೂರರ ಮೇಲಿನ ಬರಹವೂ ಇಂಗ್ಲಿಷಿನದು. ತೋಟದ ಹೆಸರು, ಅದು ಎಷ್ಟನೆಯ ತಲೆಮಾರಿನ ಕೈಯಲ್ಲಿದೆ ಎಂಬ ಮಾತು, ಸಮುದ್ರಮಟ್ಟದಿಂದ ಎಷ್ಟು ಮೀಟರು ಎತ್ತರ, ಗಿಡದ ತಳಿ, ಹಣ್ಣನ್ನು ತೊಳೆದು ಒಣಗಿಸಿದರೋ ಇಡಿಯಾಗಿಯೇ ಒಣಗಿಸಿದರೋ ಎಂಬ ವಿವರ, ಕಡೆಗೆ ರುಚಿಯ ವರ್ಣನೆ. ಒಂದರಲ್ಲಿ ಕಿತ್ತಳೆ ಮತ್ತು ಮಲ್ಲಿಗೆ, ಇನ್ನೊಂದರಲ್ಲಿ ಚಾಕೊಲೇಟು, ಮೂರನೆಯದರಲ್ಲಿ ಬ್ಲೂಬೆರ್ರಿ ಎಂಬ ಹಣ್ಣು. ಹಣ್ಣನ್ನು ಹೊಸಬಾಳೆಯಲ್ಲಿ ಯಾರೂ ಕಂಡವರಿಲ್ಲ. ಓದಿ ಮುಗಿಸಿದಾಗ ನನಗೆ ನಗು ಬರಲಿಲ್ಲ, ಆಶ್ಚರ್ಯವಾಯಿತು. ಇದು ಒಂದು ಸಾಹಿತ್ಯ ಪ್ರಕಾರ. ಇದಕ್ಕೆ ಕಟ್ಟುಪಾಡಿದೆ, ಪರಂಪರೆ ಬೆಳೆಯುತ್ತಿದೆ, ಒಳ್ಳೆಯದು ಕೆಟ್ಟದ್ದು ಎಂಬ ತಾರತಮ್ಯವೂ ಇದೆ. ಕಾವ್ಯದಲ್ಲಿ ಕವಿ ತನ್ನ ವಂಶವನ್ನೂ ನಾಡನ್ನೂ ಹೇಳಿಕೊಳ್ಳುವ ಸಂಪ್ರದಾಯ ನಮ್ಮಲ್ಲಿ ಪಂಪನ ಕಾಲದಿಂದ ಉಂಟು; ಬನವಾಸಿಯ ನೆರೆಯಲ್ಲಿ ಕುಳಿತು ಓದುತ್ತಿದ್ದ ನನಗೆ ಅದು ನೆನಪಾದುದು ಸಹಜ. ಪ್ರಕಾರ ಇದ್ದಲ್ಲಿ ವಿಮರ್ಶೆಯೂ ಇರಬೇಕು. ಈ ಬರಹ ಆ ಪ್ರಯತ್ನ.

ಮೊದಲು ಇದರ ಗುಣವನ್ನು ಒಪ್ಪಿಕೊಳ್ಳಬೇಕು. ಕಾಫಿಯ ಪೊಟ್ಟಣದ ಮೇಲೆ ತೋಟದ ಹೆಸರು ಬರುವುದು ನಮ್ಮ ದೇಶದಲ್ಲಿ ಬಹುಕಾಲ ಸಾಧ್ಯವೇ ಇರಲಿಲ್ಲ. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರ ತನ್ನ ಫಸಲನ್ನು ಕಾಫಿ ಮಂಡಳಿಯ 'ಪೂಲ್'ಗೆ ಒಪ್ಪಿಸಬೇಕಾಗಿತ್ತು. ಮನೆ ಖರ್ಚಿಗೆ, ಬಿತ್ತನೆಗೆ ಒಂದಿಷ್ಟು ಉಳಿಸಿಕೊಳ್ಳಬಹುದಿತ್ತು. ಉಳಿದದ್ದೆಲ್ಲ ದರ್ಜೆಯ ಪ್ರಕಾರ ಒಂದೇ ರಾಶಿಗೆ ಸೇರಿ ಹರಾಜಾಗಿ, ಹಣ ಕಂತುಗಳಲ್ಲಿ ಬರುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಈ ಏರ್ಪಾಡು ಬೆಳೆಗಾರನನ್ನು ಉಳಿಸಿತು ಎಂಬುದು ನಿಜ. ಅದನ್ನು ಹೀಗಳೆಯುವುದು ಕೃತಘ್ನತೆ. ಆದರೆ ಬೆಟ್ಟದ ನೆತ್ತಿಯಲ್ಲಿ ಜತನದಿಂದ ಬೆಳೆದವನ ಕಾಫಿಯೂ ಅಸಡ್ಡೆಯಿಂದ ಒಣಗಿಸಿದವನ ಕಾಫಿಯೂ ದರ್ಜೆಯೊಂದಾದರೆ ಒಂದೇ ಗೋಣಿಯಲ್ಲಿ ಮಲಗುತ್ತಿದ್ದುವು. ತೊಂಬತ್ತರ ದಶಕದಲ್ಲಿ ಕಟ್ಟು ಹಂತಹಂತವಾಗಿ ಸಡಿಲಿ, 1996ರಲ್ಲಿ ಬೆಳೆಗಾರ ಪೂರ್ತಿ ಸ್ವತಂತ್ರನಾದ. 2019ರಲ್ಲಿ ಕೊಡಗಿನ ಅರೇಬಿಕಾ, ಚಿಕ್ಕಮಗಳೂರಿನ ಅರೇಬಿಕಾ, ಬಾಬಾಬುಡನ್‌ಗಿರಿಯ ಅರೇಬಿಕಾ ಎಂದು ಊರಿನ ಹೆಸರಿಗೇ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಅಂದರೆ ಯೆಮೆನಿನ ಮೋಕಾದಿಂದ ಏಳು ಬೀಜ ತಂದರೆಂಬ ಬಾಬಾಬುಡನ್ನರ ಐತಿಹ್ಯವನ್ನು ಹದಿನೇಳನೆಯ ಶತಮಾನಕ್ಕೆ ಇಟ್ಟುಕೊಂಡರೆ, ನಮ್ಮ ಕಾಫಿಗೆ ತನ್ನ ವಿಳಾಸ ಬರೆದುಕೊಳ್ಳಲು ಮುನ್ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಭಾರತದ ಕಾಫಿಯ ನೂರರಲ್ಲಿ ಸುಮಾರು ಎಪ್ಪತ್ತು ಪಾಲು ಕರ್ನಾಟಕದ್ದು. ಬೆಳೆಗಾರರಲ್ಲಿ ನೂರಕ್ಕೆ ತೊಂಬತ್ತೆಂಟಕ್ಕಿಂತ ಹೆಚ್ಚು ಮಂದಿ ಇಪ್ಪತ್ತೈದು ಎಕರೆಗಿಂತ ಕಡಿಮೆಯ ಸಣ್ಣ ಹಿಡುವಳಿಯವರು. ಇಂತಹವರಿಗೆ ಹೆಸರು ಒಣ ಜಂಬವಲ್ಲ, ಬದುಕಿನ ದಾರಿ. ಇಷ್ಟರಮಟ್ಟಿಗೆ ಪೊಟ್ಟಣದ ಸಾಹಿತ್ಯ ಒಂದು ಅನ್ಯಾಯವನ್ನು ತಿದ್ದಿದೆ.

ಹಾಗಾದರೆ ಕೊರತೆ ಎಲ್ಲಿ? ನಮ್ಮ ಕಾದಂಬರಿಗಳನ್ನು ಪಕ್ಕದಲ್ಲಿಟ್ಟು ಓದಿದಾಗ ಅದು ಕಾಣುತ್ತದೆ.

ಕನ್ನಡದಲ್ಲಿ ಕಾಫಿ ತೋಟದ ಹೆಸರೆತ್ತಿದೊಡನೆ ನನಗೆ ನೆನಪಾಗುವುದು ಶಿವರಾಮ ಕಾರಂತರ 'ಚೋಮನ ದುಡಿ' (1933). ಚೋಮನಿಗೆ ಬೇಕಾದುದು ಒಂದು ತುಂಡು ಹೊಲ. ಅವನ ತಲೆಯ ಮೇಲಿರುವುದು ಘಟ್ಟದ ಮೇಲಣ ಕಾಫಿ ತೋಟದ ಸಾಲ. ಸಾಲ ತೀರಿಸಲು ಚನಿಯ, ಗುರುವ ಇಬ್ಬರು ಗಂಡುಮಕ್ಕಳು ತೋಟಕ್ಕೆ ಹೋಗುತ್ತಾರೆ. ಗುರುವ ಕ್ರೈಸ್ತ ಹುಡುಗಿಯೊಬ್ಬಳನ್ನು ಕೂಡಿಕೊಂಡು ಮನೆಗೆ ಮರಳುವುದಿಲ್ಲ. ಚನಿಯ ಜ್ವರ ಹೊತ್ತು ಬಂದು ಸಾಯುತ್ತಾನೆ. ಕೊನೆಗೆ ಮಗಳು ಬೆಳ್ಳಿ ಹೋಗುತ್ತಾಳೆ. ಸಾಲ ತೀರುತ್ತದೆ, ಹೇಗೆ ತೀರಿತೆಂಬುದು ಓದಿದವರಿಗೆಲ್ಲ ಗೊತ್ತು. ಕಾಫಿಯ ಘಮ, ಕಾಫಿಯ ರುಚಿ ಆ ಕಾದಂಬರಿಯಲ್ಲಿ ಯಾರಿಗೂ ಮುಖ್ಯವಲ್ಲ. ಅಲ್ಲಿ ತೋಟವೆಂದರೆ ಒಂದು ಲೆಕ್ಕದ ಪುಸ್ತಕ, ಒಂದು ಜ್ವರ, ಒಬ್ಬ ರೈಟರು. ಬಿ.ವಿ. ಕಾರಂತರು 1975ರಲ್ಲಿ ಅದನ್ನು ಚಿತ್ರ ಮಾಡಿದಾಗ ನೋಡಿದವರು ಚೋಮನ ದುಡಿಯ ಸದ್ದನ್ನು ಮರೆತಿರಲಾರರು. ಆದರೆ ಆ ಸದ್ದಿನ ಹಿಂದೆ ಕಾಫಿಯ ಬೆಳೆಯಿದೆ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ವಿಮರ್ಶೆ ಮಾಡುವ ನಾವೂ ಬೆಳಗಿನ ಎರಡನೆಯ ಲೋಟ ಕೈಯಲ್ಲಿ ಹಿಡಿದೇ ಚೋಮನ ಬಗೆಗೆ ಬರೆದಿದ್ದೇವೆ.

ಕೊಡಗಿನ ಗೌರಮ್ಮನವರ ಮಾತು ಬೇರೆ. ಅವರು ಘಟ್ಟದ ಕೆಳಗಿನಿಂದ ನೋಡಿದವರಲ್ಲ. ಅವರ ಪತಿ ಸುಂಟಿಕೊಪ್ಪದ ಬಳಿಯ ಕಾಫಿ ತೋಟದಲ್ಲಿ ಕೆಲಸದಲ್ಲಿದ್ದುದರಿಂದ ತೋಟದೊಳಗೇ ಸಂಸಾರ ಮಾಡಿದವರು. 1934ರಲ್ಲಿ ಕೊಡಗಿಗೆ ಬಂದ ಗಾಂಧೀಜಿಯವರನ್ನು ಉಪವಾಸ ಹಿಡಿದು ಮನೆಗೆ ಕರೆಸಿಕೊಂಡು ಒಡವೆ ಬಿಚ್ಚಿಕೊಟ್ಟವರು. 1939ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ, ನೀರಿನಲ್ಲಿ ಮುಳುಗಿ ತೀರಿಹೋದರು. ಅವರ ಕಥೆಗಳ ಕಣ್ಣು ವಿಧವೆಯ, ಬಾಲವಧುವಿನ, ಮೋಸಹೋದ ಹೆಣ್ಣಿನ ಮೇಲೆ ನೆಟ್ಟಿದೆ. ಸುತ್ತಲಿನ ಕಾಫಿ ಗಿಡಗಳ ಮೇಲಲ್ಲ. ಇದನ್ನು ನಾನು ದೋಷವೆಂದು ಹೇಳುತ್ತಿಲ್ಲ. ಆ ಹೆಣ್ಣುಮಗಳಿಗೆ ಹೇಳಬೇಕಾದುದು ಬೇರೆಯಿತ್ತು, ಹೇಳಲು ದೊರೆತ ಕಾಲ ಬಹಳ ಕಡಿಮೆ.

ಇನ್ನು ಪೂರ್ಣಚಂದ್ರ ತೇಜಸ್ವಿ. ತಾವೇ ಮೂಡಿಗೆರೆಗೆ ಹೋಗಿ ನೆಲೆಸಿ ಕಾಫಿ ಬೆಳೆದವರು. 2007ರಲ್ಲಿ ಅಲ್ಲಿಯ 'ನಿರುತ್ತರ'ದಲ್ಲಿಯೇ ತೀರಿಕೊಂಡವರು. ಕಾಫಿಯ ಮಹಾಕಾದಂಬರಿಯನ್ನು ಅವರಿಂದ ನಿರೀಕ್ಷಿಸುವುದು ಸಹಜ. ಆದರೆ ನೋಡಿ: 'ಕರ್ವಾಲೊ' (1980) ಕಾದಂಬರಿಯಲ್ಲಿ ನಿರೂಪಕನಿಗೆ ಬೇಸರ ತಂದಿರುವುದು ಭತ್ತದ ಗದ್ದೆ, ಕಥೆ ಜೇನಿನಿಂದ ಹೊರಟು ಹಾರುವ ಓತಿಯ ಕಡೆಗೆ ಓಡುತ್ತದೆ. 'ಚಿದಂಬರ ರಹಸ್ಯ' (1985), 'ಜುಗಾರಿ ಕ್ರಾಸ್' (1994) ಎರಡರಲ್ಲೂ ಮುಖ್ಯ ಬೆಳೆ ಏಲಕ್ಕಿ. ತಾವು ದಿನವೂ ನಡುವೆ ನಡೆಯುತ್ತಿದ್ದ ಗಿಡವನ್ನು ದೊಡ್ಡ ಕಾದಂಬರಿಗಳ ನಡುವಿಗೆ ಅವರು ತರಲಿಲ್ಲ. ಇದಕ್ಕೆ ನನಗೆ ತೋರುವ ಕಾರಣ ಒಂದುಂಟು, ಸರಿಯೋ ತಪ್ಪೋ ಓದುಗರು ನೋಡಬೇಕು. ಏಲಕ್ಕಿಗೆ ಅವರ ಕಾದಂಬರಿಗಳಲ್ಲಿ ಸಾಹಸ ಉಂಟು, ಕಳ್ಳದಾರಿ ಉಂಟು, ಸಂತೆಯ ಚೌಕಾಸಿ ಉಂಟು. ಕಾಫಿಗೆ ಅವರು ಬೆಳೆದ ಕಾಲದ ಬಹುಭಾಗ ಒಂದೇ ಗತಿ: ಕುಯ್ಯುವುದು, ಒಣಗಿಸುವುದು, ಪೂಲ್‌ಗೆ ಕಳುಹುವುದು, ಕಂತಿಗೆ ಕಾಯುವುದು. ಹೆಸರನ್ನು ಕಳೆದುಕೊಂಡ ವಸ್ತುವಿನ ಮೇಲೆ ಕಥೆ ಕಟ್ಟುವುದು ಕಷ್ಟ. ಪೂಲ್ ಹೋದುದು ಬೆಳೆಗಾರನ ಜೇಬಿಗೆ ಮಾತ್ರವಲ್ಲ, ಕಥೆಗಾರನಿಗೂ ಸಂಬಂಧಪಟ್ಟ ಸಂಗತಿ.

ಕಥೆ ಈಗ ಬಂದಿದೆ. ಬರೆದವರು ಕಾದಂಬರಿಕಾರರಲ್ಲ, ವ್ಯಾಪಾರದವರು. ಆದ್ದರಿಂದಲೇ ಪೊಟ್ಟಣದಲ್ಲಿ ಅಜ್ಜ ಇದ್ದಾನೆ, ಚೋಮ ಇಲ್ಲ. ತಳಿಯ ಹೆಸರಿದೆ, ಎತ್ತರದ ಲೆಕ್ಕವಿದೆ, ಮರಗಳ ಮೇಲಿನ ಹಕ್ಕಿಯ ಚಿತ್ರ ಕೂಡ ಇದೆ. ಹಣ್ಣನ್ನು ಒಂದೊಂದಾಗಿ ಆರಿಸಿದ ಕೈ ಇಲ್ಲ. ಸ್ಪೆಷಾಲಿಟಿ ಎನ್ನುವುದರ ಅರ್ಧ ಭಾಗ ಆ ಕೈಯೇ. ಕಾಯಿ, ದೋರೆ, ಹಣ್ಣು ಎಲ್ಲವನ್ನೂ ಒಮ್ಮೆಗೇ ಉಜ್ಜಿ ಎಳೆದರೆ ಕೆಲಸ ಬೇಗ. ಹಣ್ಣಾದದ್ದನ್ನಷ್ಟೇ ಕುಯ್ದು, ಉಳಿದದ್ದಕ್ಕೆ ಹತ್ತು ದಿನ ಬಿಟ್ಟು ಮತ್ತೆ ಬರುವುದಾದರೆ ಒಂದೇ ಗಿಡಕ್ಕೆ ಮೂರು ನಾಲ್ಕು ಸಲ ಬರಬೇಕು. ರುಚಿ ನೋಡುವವರು ಇಂತಹ ಕಾಫಿಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ, ಎಂಬತ್ತು ದಾಟಿದರೆ ಸ್ಪೆಷಾಲಿಟಿ ಎಂದು ಬಹುಕಾಲದ ರೂಢಿ. ಅಂಕ ತೋಟದ ಯಜಮಾನನಿಗೆ ಸಲ್ಲುತ್ತದೆ. ಉತ್ತರಪತ್ರಿಕೆ ತಿದ್ದಿ ಬೇಸತ್ತವನಾಗಿ ಹೇಳುತ್ತೇನೆ: ಪರೀಕ್ಷೆ ಬರೆದವರೊಬ್ಬರು, ನೋಂದಣಿ ಸಂಖ್ಯೆ ಇನ್ನೊಬ್ಬರದು.

ಕಾದಂಬರಿಗೂ ಪೊಟ್ಟಣಕ್ಕೂ ಇರುವ ಈ ಸಂಬಂಧ ನನ್ನ ಕಲ್ಪನೆಯಷ್ಟೇ ಅಲ್ಲ. 1860ರಲ್ಲಿ ಡಚ್ ಭಾಷೆಯಲ್ಲಿ 'ಮಾಕ್ಸ್ ಹಾವೆಲಾರ್' ಎಂಬ ಕಾದಂಬರಿ ಬಂದಿತು. ಬರೆದವನು ಜಾವಾದಲ್ಲಿ ಅಧಿಕಾರಿಯಾಗಿದ್ದು, ಅಲ್ಲಿಯ ರೈತರ ಮೇಲಾಗುತ್ತಿದ್ದ ಸುಲಿಗೆ ಸಹಿಸದೆ ಕೆಲಸ ಬಿಟ್ಟು ಬಂದ ಡೌವೆಸ್ ಡೆಕ್ಕರ್. ಮುಲ್ತಾತುಲಿ, ಅಂದರೆ 'ಬಹಳ ಸಹಿಸಿದವನು', ಎಂಬುದು ಅವನ ಕಾವ್ಯನಾಮ. ಕಥೆ ಆರಂಭವಾಗುವುದು ಆಮ್‌ಸ್ಟರ್‌ಡಾಮಿನ ಒಬ್ಬ ಕಾಫಿ ದಲ್ಲಾಳಿಯ ಬಾಯಿಂದ. ಅವನಿಗೆ ಕಾವ್ಯ ನಾಟಕಗಳೆಂದರೆ ಆಗದು, ಅವೆಲ್ಲ ಸುಳ್ಳೆಂದು ಅವನ ಮತ. ಪುಸ್ತಕ ಹಾಲೆಂಡಿನಲ್ಲಿ ದೊಡ್ಡ ಗದ್ದಲವೆಬ್ಬಿಸಿತು. ಅದಕ್ಕಿಂತ ಸ್ವಾರಸ್ಯ ಮುಂದಿನದು: 1988ರಲ್ಲಿ ಬೆಳೆಗಾರನಿಗೆ ನ್ಯಾಯವಾದ ಬೆಲೆ ಕೊಟ್ಟು ಕೊಂಡ ಕಾಫಿಗೆಂದು ಅದೇ ದೇಶದಲ್ಲಿ ಒಂದು ಮುದ್ರೆ ಹೊರಟಾಗ, ಅದಕ್ಕೆ ಇಟ್ಟ ಹೆಸರು 'ಮಾಕ್ಸ್ ಹಾವೆಲಾರ್'. ಕಾದಂಬರಿಯ ನಾಯಕ ನೂರಿಪ್ಪತ್ತೆಂಟು ವರ್ಷದ ಮೇಲೆ ಪೊಟ್ಟಣದ ಮೇಲೆ ಬಂದು ಕುಳಿತ. ಚೋಮನ ಹೆಸರಿನ ಕಾಫಿ ಬರಲಿ ಎಂದು ನಾನು ಹೇಳುವುದಿಲ್ಲ. ಬಂದರೆ ಅದಕ್ಕೊಂದು ದುಡಿಯ ಚಿತ್ರ ಹಾಕಿ ಬೆಲೆ ಇನ್ನಷ್ಟು ಏರಿಸಿಯಾರು ಎಂಬ ಭಯ ನನಗಿದೆ.

ರುಚಿಯ ವರ್ಣನೆಗೆ ಬರೋಣ. ಇಲ್ಲಿ ಅಲಂಕಾರಶಾಸ್ತ್ರ ಓದಿದವನಿಗೆ ಒಂದು ತೊಡಕು. ರಸವೆಂದರೆ ಪಾನಕದ ಹಾಗೆ ಎಂದು ಅಭಿನವಗುಪ್ತನ ಕಾಲದಿಂದ ಹೇಳಿಕೊಂಡು ಬಂದಿದ್ದೇವೆ. ಬೆಲ್ಲ, ಮೆಣಸು, ಏಲಕ್ಕಿ ಬೇರೆಬೇರೆಯಾಗಿ ಅಲ್ಲ, ಎಲ್ಲ ಕೂಡಿ ಬೇರೊಂದೇ ಆಗಿ ನಾಲಗೆಗೆ ಒದಗುವುದೇ ಅದರ ಸೊಗಸು. ಪೊಟ್ಟಣದ ಲೇಖಕ ಇದಕ್ಕೆ ತಿರುಗಾಮುರುಗಾ ಮಾಡುತ್ತಾನೆ. ಒಂದೇ ಆಗಿರುವುದನ್ನು ಬಿಡಿಸಿ ಕಿತ್ತಳೆ, ಮಲ್ಲಿಗೆ, ಚಾಕೊಲೇಟು ಎಂದು ಎಣಿಸುತ್ತಾನೆ. ತಪ್ಪೆನ್ನಲಾರೆ, ತರಗತಿಯಲ್ಲಿ ನಾವು ಪದ್ಯಕ್ಕೆ ಮಾಡುವುದೂ ಅದನ್ನೇ. ನನ್ನ ಆಕ್ಷೇಪ ಎಣಿಕೆಯ ಮೇಲಲ್ಲ, ಎರವಲಿನ ಮೇಲೆ. ಹದಿನಾರನೆಯ ಶತಮಾನದ ಮೊದಲಿನಲ್ಲಿಯೇ ಮೂರನೆಯ ಮಂಗರಸ ಅಡಿಗೆಯ ಮೇಲೆ 'ಸೂಪಶಾಸ್ತ್ರ' ಎಂಬ ಇಡೀ ಪದ್ಯಗ್ರಂಥ ಬರೆದ ಭಾಷೆ ಇದು. ಒಗರು, ಚೊಗರು, ಕನರು, ಕಮಟು, ಘಾಟು, ಮುಗ್ಗಲು, ಕಮ್ಮಗೆ ಎಂದು ಒಂದೊಂದು ರುಚಿಗೂ ವಾಸನೆಗೂ ನಮ್ಮ ಅಡಿಗೆಮನೆಗಳಲ್ಲಿ ಪ್ರತ್ಯೇಕ ಮಾತಿದೆ. ಅಡಿಕೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಸಂತೆಯೇ ಹೆಸರಿಟ್ಟಿದೆ. ಕಾಫಿಯ ತೋಟದಲ್ಲಿ ಮಾತ್ರ ಪಲ್ಪರ್, ಪಾರ್ಚ್‌ಮೆಂಟ್, ಚೆರಿ, ರೈಟರು, ಲೈನು ಎಂದು ದೊರೆಗಳ ಕಾಲದ ಪದಗಳು ಹಾಗೆಯೇ ನಿಂತಿವೆ. ಗಿಡಕ್ಕೆ ಹತ್ತಿರ ಹೋದಾಗ ಕನ್ನಡ ಮತ್ತೆ ಕಾಣಿಸುತ್ತದೆ: ಹೂಮಳೆ, ಮರಗಸಿ, ಕಪಾತು, ಕಣ. ಕಪಾತು ನಮ್ಮದಲ್ಲ ಎನ್ನುವವರಿರಬಹುದು. ಇರಲಿ, ಬಂದು ಬಹಳ ಕಾಲವಾಯಿತು.

ಅಳಿಯನ ಪುಡಿಯನ್ನು ಅಕ್ಕ ಹಾಲು ಹಾಕದೆ ಮಾಡಿ ತಂದಳು. ಹಾಲಿಲ್ಲದ ಕಾಫಿಯನ್ನು ಅವಳು ಕಾಯಿಲೆಯವರಿಗೆ ಮಾತ್ರ ಕೊಡುವವಳು. ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ಹುರಿಗಡಲೆಯ ಹಾಗೆ ಕಮ್ಮಗಿದೆ, ಆಮೇಲೆ ಒಂಚೂರು ಒಗರು. ಕೊನೆಗೆ ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ ಒಂದು ಸಿಹಿ ಬರುತ್ತದೆ ನೋಡು, ತಮ್ಮ" ಎಂದಳು. ಮೂರು ಪೊಟ್ಟಣಗಳ ಮೇಲೆ ಓದಿದ ಯಾವ ವಾಕ್ಯವೂ ಇದರ ಸಮಕ್ಕೆ ನಿಲ್ಲಲಿಲ್ಲ. ಕಾರಣ ಇಷ್ಟೆ: ಆ ನೆಲ್ಲಿಕಾಯಿಯನ್ನು ಅವಳು ತಿಂದಿದ್ದಾಳೆ.

ಆದರೆ ಅಳಿಯನಿಗೆ ಬೇಕಾದುದು ಬೇರೆ. "ಬೆಟ್ಟದ ಮಡಿಲಿನಲ್ಲಿ, ಮಂಜಿನ ನಡುವೆ ಎಂದು ಬರಬೇಕು ಮಾವ. ಎಲ್ಲರೂ ಹಾಗೇ ಹಾಕುತ್ತಾರೆ" ಎಂದ. ನಾನು ಒಪ್ಪಲಿಲ್ಲ. ಬಾಬಾಬುಡನ್‌ಗಿರಿಯ ಅರೇಬಿಕಾ ಸಾವಿರ ಮೀಟರಿಗೂ ಮೇಲಿನದು; ಸೊರಬದ ನೆಲ ಆರು ನೂರರ ಆಸುಪಾಸು. ಎತ್ತರದಲ್ಲಿ ತಂಪಿಗೆ ಹಣ್ಣು ನಿಧಾನವಾಗಿ ಮಾಗುವುದರಿಂದ ಅರೇಬಿಕಾದ ಹುಳಿ, ಕಂಪು ಹೆಚ್ಚುತ್ತದೆ. ಇಲ್ಲಿ ಬಾಳುವುದು ರೊಬಸ್ಟಾ. ಅದರಿಂದ ನಾಚಿಕೊಳ್ಳಬೇಕಾದುದೇನೂ ಇಲ್ಲ. ಒಳ್ಳೆಯ ರೊಬಸ್ಟಾಕ್ಕೂ ಈಗ ಬೇರೆಯದೇ ಅಳತೆಗೋಲು ಇದೆ, ಮಾಗುಂಡಿಯ ಸೇತುರಾಮನ್ ಎಸ್ಟೇಟಿನ ರೊಬಸ್ಟಾವನ್ನು ಹೊರದೇಶದವರು ಹುಡುಕಿ ಕೊಳ್ಳುತ್ತಾರೆ. ಅಲ್ಲದೆ ಹೊಸಬಾಳೆಯಲ್ಲಿ ಬೆಟ್ಟವಿಲ್ಲವೆಂದೂ ಅಲ್ಲ. ನಮ್ಮ ಕಡೆ 'ಬೆಟ್ಟ' ಎಂದರೆ ಸೊಪ್ಪಿನ ಬೆಟ್ಟ, ತೋಟಕ್ಕೆ ಸೊಪ್ಪು ತರಗು ಒದಗಿಸುವ ಕಾಡು. ಅದರಾಚೆ ಮೆಣಸಿನ ಬಳ್ಳಿ ಹಬ್ಬುತ್ತಿದ್ದ ಕಾನುಗಳು. 1868ರಷ್ಟು ಹಿಂದೆಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ಮೇಲೆಯೇ ಒಂದು ವರದಿ ಬರೆದಿದ್ದಾರೆ. ಪೊಟ್ಟಣದ ಮೇಲೆ ಈ ಬೆಟ್ಟ ಬರಲಿ ಎಂದೆ. "ಬೆಂಗಳೂರಿನವರಿಗೆ ಅರ್ಥವಾಗುವುದಿಲ್ಲ" ಎಂದ. ಬ್ಲೂಬೆರ್ರಿ ಅರ್ಥವಾಗುವವರಿಗೆ ಸೊಪ್ಪಿನ ಬೆಟ್ಟ ಏಕೆ ಅರ್ಥವಾಗಬಾರದೆಂದು ಕೇಳಿದೆ. ಉತ್ತರ ಕೊಡದೆ ಕಾಗದ ಪೆನ್ನು ತಂದಿಟ್ಟ.

ಎರಡು ರಾತ್ರಿ ಕುಳಿತು, ಹೊಡೆದುಹಾಕಿ, ಕಡೆಗೆ ಬರೆದದ್ದು ಇಷ್ಟು: "ಹೊಸಬಾಳೆ, ಸೊರಬ ತಾಲ್ಲೂಕು. ಅಡಿಕೆಯ ಸಾಲಿನ ನಡುವೆ ಬೆಳೆದ ರೊಬಸ್ಟಾ. ಬೆಟ್ಟದ ಸೊಪ್ಪು, ಕೊಟ್ಟಿಗೆಯ ಗೊಬ್ಬರ. ಹಣ್ಣನ್ನು ನಾಲ್ಕು ಸಲ ಆರಿಸಿ ಕುಯ್ದವರು ಆರು ಮಂದಿ. ಕಮ್ಮಗೆ, ಸ್ವಲ್ಪ ಒಗರು. ನೆಲ್ಲಿಕಾಯಿ ತಿಂದು ನೀರು ಕುಡಿದಂತೆ ಕೊನೆಗೊಂದು ಸಿಹಿ." ಆರು ಮಂದಿ ಎಂದಿರುವಲ್ಲಿ ಆರು ಹೆಸರು ಬರಬೇಕೆಂದು ಪಕ್ಕದಲ್ಲಿ ಗುರುತು ಮಾಡಿದೆ. ಮನೆಯವರ ಹೆಸರಿಲ್ಲವಲ್ಲ ಎಂದು ಭಾವ ಒಳಗಿನಿಂದಲೇ ಗೊಣಗಿದರು. ಅಳಿಯ ಮಾತ್ರ ಓದಿ, ತಲೆ ತುರಿಸಿಕೊಂಡು, "ಅವರನ್ನೇ ಕೇಳಿಬಿಡೋಣ" ಎಂದ.

ಮಾರನೆಯ ದಿನ ಮಧ್ಯಾಹ್ನ ಆರೂ ಜನ ಹೆಂಗಸರು ಜಗಲಿಯ ಕೆಳಗೆ ಎಲೆಯಡಿಕೆ ಹಾಕಿಕೊಳ್ಳುತ್ತಾ ಕುಳಿತಿದ್ದಾಗ ಅವನು ಬರೆದುದನ್ನು ಗಟ್ಟಿಯಾಗಿ ಓದಿದ. ಇಬ್ಬರು ಸೆರಗು ಬಾಯಿಗೆ ಹಿಡಿದು ನಕ್ಕರು. ಒಬ್ಬಳು ತನ್ನ ಹೆಸರು ಹಾಕುವುದಾದರೆ ಮನೆಯಲ್ಲಿ ಕರೆಯುವ ಹೆಸರು ಬೇಡ, ಪಡಿತರ ಚೀಟಿಯಲ್ಲಿರುವುದು ಹಾಕಬೇಕೆಂದಳು. ಎಲ್ಲರಿಗಿಂತ ಹಿರಿಯಳು ಪೊಟ್ಟಣವೊಂದನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಎಷ್ಟಕ್ಕೆ ಹೋಗುತ್ತದೆ, ಅಪ್ಪೀ?" ಎಂದು ಅಳಿಯನನ್ನು ಕೇಳಿದಳು. ಅವನು ಕಾಲು ಕಿಲೋದ ಬೆಲೆ ಹೇಳಿದ. ಅವಳು ಬೆರಳು ಮಡಿಸಿ ಲೆಕ್ಕ ಹಾಕತೊಡಗಿದಳು.